ರಿಮೋಟ್ ವ್ಯೂಯಿಂಗ್ ಕಲಿಯಲು ಹೊರಟವರಿಗೆ: ಪೆನ್ನು, ಹಾಳೆ ಮತ್ತು ಮುಚ್ಚಿದ ಲಕೋಟೆ

ಎಲ್ಲೋ ದೂರದಲ್ಲಿರುವ ಒಂದು ಜಾಗ. ಅದರ ಹೆಸರು ನಿಮಗೆ ಗೊತ್ತಿಲ್ಲ, ಫೋಟೊ ನೋಡಿಲ್ಲ. ನಿಮ್ಮ ಕೈಲಿರುವುದು ಬರೀ ಒಂದು ಸಂಖ್ಯೆ. ಅದನ್ನಷ್ಟೇ ಹಿಡಿದು ಆ ಜಾಗವನ್ನು ವಿವರಿಸಲು ಪ್ರಯತ್ನಿಸುವುದಕ್ಕೆ ರಿಮೋಟ್ ವ್ಯೂಯಿಂಗ್ ಅಂತಾರೆ. ಅದನ್ನೇ ಕಟ್ಟುನಿಟ್ಟಾದ ಕ್ರಮದಲ್ಲಿ, ಹಾಳೆಯ ಮೇಲೆ, ಹಂತ ಹಂತವಾಗಿ ಮಾಡುವ ಪದ್ಧತಿ ಕಂಟ್ರೋಲ್ಡ್ ರಿಮೋಟ್ ವ್ಯೂಯಿಂಗ್, ಅಂದರೆ ಸಿಆರ್‌ವಿ. ಇದಕ್ಕೆ ಧ್ಯಾನದಲ್ಲಿ ಕೂರಬೇಕಿಲ್ಲ, ಕಣ್ಣು ಮುಚ್ಚಬೇಕಿಲ್ಲ, ಊದುಬತ್ತಿ ಹಚ್ಚಬೇಕಿಲ್ಲ. ಮೇಜಿನ ಮುಂದೆ ನೆಟ್ಟಗೆ ಕೂತು, ಎಚ್ಚರವಾಗಿದ್ದು, ಬರೆಯುತ್ತಾ ಹೋಗಬೇಕು.

ಇದು ನಿಜಕ್ಕೂ ಕೆಲಸ ಮಾಡುತ್ತದೆ ಅಂತ ವಿಜ್ಞಾನ ಒಪ್ಪಿಲ್ಲ. ಐವತ್ತು ವರ್ಷಗಳ ವಾದ ಇನ್ನೂ ಮುಗಿದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಗಾದರೆ ಯಾಕೆ ಕಲಿಯಬೇಕು? ನನ್ನ ಮಟ್ಟಿಗೆ ಕಾರಣ ಇದು: ಮನಸ್ಸು ಏನನ್ನು ಗ್ರಹಿಸಿತು, ಏನನ್ನು ತಾನೇ ಊಹಿಸಿ ಸೇರಿಸಿತು ಅನ್ನುವುದನ್ನು ಬೇರೆ ಬೇರೆ ಮಾಡಿ ಬರೆಯಲು ಕಲಿಸುವ ಅಭ್ಯಾಸಗಳು ಬಹಳ ಕಡಿಮೆ. ಸಿಆರ್‌ವಿ ಆ ಕೆಲಸವನ್ನು ಪ್ರತಿ ಸಾಲಿನಲ್ಲೂ ಮಾಡಿಸುತ್ತದೆ. ಕಲಿಯಲು ನಂಬಿಕೆ ಬೇಕಿಲ್ಲ, ಇರುವ ಸಂಶಯವನ್ನು ಬಿಡಲೂಬೇಕಿಲ್ಲ. ಆದರೆ ಲೆಕ್ಕವನ್ನು ಪ್ರಾಮಾಣಿಕವಾಗಿ ಇಡಬೇಕು. ಅದಿಲ್ಲದೆ ಎಷ್ಟು ವರ್ಷ ಮಾಡಿದರೂ ನೀವು ಏನು ಕಲಿತಿರಿ ಅಂತ ನಿಮಗೇ ಗೊತ್ತಾಗುವುದಿಲ್ಲ.

ಇದು ಬಂದ ದಾರಿ

1972ರಲ್ಲಿ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ಇದರ ಕೆಲಸ ಶುರುವಾಯಿತು. ನಡೆಸಿದವರು ಹ್ಯಾರಲ್ಡ್ ಪುಟಾಫ್ ಮತ್ತು ರಸೆಲ್ ಟಾರ್ಗ್, ಇಬ್ಬರೂ ಲೇಸರ್ ಭೌತಶಾಸ್ತ್ರದವರು. ಹಣ ಕೊಟ್ಟದ್ದು ಸಿಐಎ. ಶೀತಲ ಸಮರದ ಕಾಲ ಅದು. ಸೋವಿಯತ್ ಒಕ್ಕೂಟ ಇಂಥ ವಿಷಯಗಳಲ್ಲಿ ಮುಂದೆ ಹೋಗಿಬಿಟ್ಟಿದೆಯೇನೋ ಅನ್ನುವ ಆತಂಕ ಅಮೆರಿಕಕ್ಕಿತ್ತು. ನ್ಯೂಯಾರ್ಕ್‌ನ ಚಿತ್ರಕಾರ ಇಂಗೊ ಸ್ವಾನ್ ಈ ಪ್ರಯೋಗಗಳಲ್ಲಿ ಭಾಗವಹಿಸುತ್ತಾ, ಜಾಗದ ಅಕ್ಷಾಂಶ ರೇಖಾಂಶವನ್ನಷ್ಟೇ ಕೊಟ್ಟು ವಿವರಿಸಲು ಹೇಳುವ ಉಪಾಯ ಸೂಚಿಸಿದ. ಭೂಪಟ ಚೆನ್ನಾಗಿ ಬಲ್ಲವರಿಗೆ ಆ ಅಂಕಿಗಳೇ ಸುಳಿವು ಕೊಡುತ್ತವೆ ಅನ್ನುವ ಆಕ್ಷೇಪ ಸಹಜವಾಗಿ ಬಂತು. ಮುಂದೆ ಅವುಗಳ ಬದಲು ಅರ್ಥವಿಲ್ಲದ ಸಂಖ್ಯೆಗಳು ಬಂದವು. ಈಗ ನಾವು ಬಳಸುವುದೂ ಅಂಥ ಸಂಖ್ಯೆಗಳನ್ನೇ.

1980ರ ದಶಕದ ಆರಂಭದಲ್ಲಿ ಸ್ವಾನ್ ಇದನ್ನು ಆರು ಹಂತಗಳ ಪದ್ಧತಿಯಾಗಿ ಕಟ್ಟಿ ಅಮೆರಿಕದ ಸೇನೆಯ ಕೆಲವರಿಗೆ ಕಲಿಸಿದ. ಮೇರಿಲ್ಯಾಂಡ್‌ನ ಫೋರ್ಟ್ ಮೀಡ್‌ನಲ್ಲಿದ್ದ ಆ ಸಣ್ಣ ತಂಡ 1986ರಲ್ಲಿ ಒಂದು ಕೈಪಿಡಿ ಸಿದ್ಧಪಡಿಸಿತು. ಅದರ ಬಹುಪಾಲು ಬರೆದದ್ದು ಪಾಲ್ ಎಚ್. ಸ್ಮಿತ್. ಗ್ರಿಲ್ ಫ್ಲೇಮ್, ಸೆಂಟರ್ ಲೇನ್, ಸನ್ ಸ್ಟ್ರೀಕ್ ಅಂತ ಹೆಸರು ಬದಲಾಗುತ್ತಾ, ಕೊನೆಗೆ ಸ್ಟಾರ್ ಗೇಟ್ ಆದ ಈ ಯೋಜನೆಯನ್ನು 1995ರಲ್ಲಿ ಮುಚ್ಚಿದರು. ಎರಡು ದಶಕಗಳಲ್ಲಿ ಸುಮಾರು 2 ಕೋಟಿ ಡಾಲರ್ ಖರ್ಚಾಗಿತ್ತು. ಮುಚ್ಚುವ ಮುನ್ನ ನಡೆದ ಪರಿಶೀಲನೆಯಲ್ಲಿ ಸಂಖ್ಯಾಶಾಸ್ತ್ರಜ್ಞೆ ಜೆಸಿಕಾ ಅಟ್ಸ್ ಒಂದು ಕಡೆ, ಮನಶ್ಶಾಸ್ತ್ರಜ್ಞ ರೇ ಹೈಮನ್ ಇನ್ನೊಂದು ಕಡೆ. ಪ್ರಯೋಗಾಲಯದ ಫಲಿತಾಂಶಗಳು ಬರೀ ಆಕಸ್ಮಿಕ ಆಗಿರಲಾರವು ಅಂದರು ಅಟ್ಸ್. ಅಷ್ಟರಿಂದ ಇಂಥ ಶಕ್ತಿ ಇದೆ ಅಂತ ಹೇಳಲಾಗದು, ಬೇರೆಯವರು ಸ್ವತಂತ್ರವಾಗಿ ಮಾಡಿ ತೋರಿಸಬೇಕು ಅಂದರು ಹೈಮನ್. ಬೇಹುಗಾರಿಕೆಗೆ ಇದರಿಂದ ಉಪಯೋಗವಾದದ್ದಿಲ್ಲ ಅನ್ನುವುದು ವರದಿಯ ತೀರ್ಮಾನ.

ಇದರ ಜೊತೆಗೆ ಆ ಪ್ರಯೋಗಗಳಲ್ಲಿ ಭಾಗವಹಿಸಿದ್ದ ಪ್ಯಾಟ್ ಪ್ರೈಸ್ ಎಂಬಾತನ ಪ್ರಸಂಗವನ್ನು ಪ್ರತಿ ವಿದ್ಯಾರ್ಥಿಯೂ ತಿಳಿದಿರಬೇಕು. 1974ರಲ್ಲಿ ಸೋವಿಯತ್ ಒಕ್ಕೂಟದ ಸೆಮಿಪಲಾಟಿನ್‌ಸ್ಕ್ ಬಳಿಯ ಒಂದು ರಹಸ್ಯ ನೆಲೆಯನ್ನು ಪ್ರೈಸ್‌ಗೆ ಟಾರ್ಗೆಟ್ ಆಗಿ, ಅಂದರೆ ವಿವರಿಸಬೇಕಾದ ಜಾಗವಾಗಿ ಕೊಟ್ಟರು. ಆತ ಬರೆದ ಭಾರೀ ಕ್ರೇನ್‌ನ ಚಿತ್ರ ಅಲ್ಲಿದ್ದ ಕ್ರೇನ್‌ಗೆ ಹೋಲುತ್ತಿತ್ತು. ಇವತ್ತಿಗೂ ಎಲ್ಲರೂ ತೋರಿಸುವುದು ಆ ಚಿತ್ರವನ್ನೇ. ಆದರೆ ಅದೇ ಸೆಷನ್‌ಗಳಲ್ಲಿ ಆತ ಹೇಳಿದ ಇತರ ಹಲವು ವಿವರಗಳು ತಪ್ಪಾಗಿದ್ದವು. ಹೊಂದಿದ ಒಂದು ಚಿತ್ರವನ್ನು ಎತ್ತಿ ಹಿಡಿದು, ಹೊಂದದ ಹತ್ತು ಸಾಲುಗಳನ್ನು ಮರೆಯುವುದು ಎಷ್ಟು ಸುಲಭ ಅಲ್ವಾ? ಈ ಪ್ರಸಂಗ ತಲೆಯಲ್ಲಿರಲಿ.

ಮೊದಲು ಲಕೋಟೆ, ಆಮೇಲೆ ಸೆಷನ್

ಬಹಳ ಜನ ನೇರವಾಗಿ ಹಾಳೆ ಹಿಡಿದು ಕೂರುತ್ತಾರೆ. ಅದಕ್ಕೂ ಮುಂಚೆ ಟಾರ್ಗೆಟ್‌ಗಳು ಸಿದ್ಧವಾಗಿರಬೇಕು, ಮತ್ತು ಅವನ್ನು ಸಿದ್ಧ ಮಾಡುವವರು ನೀವಾಗಿರಬಾರದು. ಒಬ್ಬ ಸಹಾಯಕರು ಬೇಕು. ಅಣ್ಣ, ಅಕ್ಕ, ಗೆಳತಿ ಯಾರಾದರೂ ಸರಿ. ಅವರಿಗೆ ಇದರಲ್ಲಿ ಆಸಕ್ತಿ ಇರಲೇಬೇಕೆಂದಿಲ್ಲ. ಹೇಳಿದಷ್ಟನ್ನು ಹೇಳಿದ ಹಾಗೆ ಮಾಡುವವರಾದರೆ ಸಾಕು.

ಅವರು ಮಾಡಬೇಕಾದ್ದು ಹೀಗಿದೆ. ನಾಲ್ಕು ನಾಲ್ಕು ಫೋಟೊಗಳ 20 ಗುಂಪು ಮಾಡಬೇಕು. ಒಂದೊಂದು ಗುಂಪಿನ ನಾಲ್ಕು ಫೋಟೊಗಳು ಒಂದಕ್ಕೊಂದು ಸ್ವಲ್ಪವೂ ಹೋಲಬಾರದು. ಉದಾಹರಣೆಗೆ ಜೋಗ ಜಲಪಾತ, ಸಹಾರಾ ಮರಳುಗಾಡು, ಓಡುತ್ತಿರುವ ರೈಲು, ಪ್ಯಾರಿಸ್‌ನ ಐಫೆಲ್ ಗೋಪುರ. ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಒಂದೇ ಗುಂಪಿಗೆ ಹಾಕಿದರೆ ಆಮೇಲೆ ತೀರ್ಪು ಕೊಡುವವರಿಗೆ ಪಾಪ ಏನೂ ತೋಚುವುದಿಲ್ಲ. ಅಪಘಾತ, ಯುದ್ಧ, ಹೆಣ ಇರುವ ಫೋಟೊ ಬೇಡವೇ ಬೇಡ. ಬಣ್ಣ, ಸದ್ದು, ವಾಸನೆ, ಚಲನೆ ಇರುವ ಜಾಗಗಳಾದರೆ ಕಲಿಯುವವರಿಗೆ ಒಳ್ಳೆಯದು. ಖಾಲಿ ಗೋಡೆಯ ಫೋಟೊದಿಂದ ಏನೂ ಕಲಿಯಲಾಗದು.

ಪ್ರತಿ ಗುಂಪಿನಿಂದ ಒಂದನ್ನು ಟಾರ್ಗೆಟ್ ಆಗಿ ಆರಿಸಬೇಕು. ಮನಸ್ಸಿಗೆ ಬಂದದ್ದನ್ನು ಆರಿಸುವಂತಿಲ್ಲ. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ನಾಲ್ಕು ಸಾಧ್ಯತೆ ಸಿಗುತ್ತವೆ, ಅದರ ಪ್ರಕಾರ ಆರಿಸಲಿ. ಯಾಕೆಂದರೆ ನಿಮ್ಮನ್ನು ಚೆನ್ನಾಗಿ ಬಲ್ಲವರು ನಿಮಗೆ ಇಷ್ಟವಾಗುವುದನ್ನೇ ಆರಿಸುತ್ತಾರೆ, ನೀವೂ ಅವರಿಗೆ ಇಷ್ಟವಾಗುವುದನ್ನೇ ಊಹಿಸುತ್ತೀರಿ. ಆರಿಸಿದ ಫೋಟೊದ ಒಂದು ಪ್ರತಿಯನ್ನು ದಪ್ಪ ಲಕೋಟೆಯಲ್ಲಿ ಹಾಕಿ, ಅಂಟಿಸಿ, ಮೇಲೆ 3817 / 2064 ಅನ್ನುವಂಥ ಎಂಟು ಅಂಕಿಯ ಸಂಖ್ಯೆ ಬರೆಯಬೇಕು. ಈ ಸಂಖ್ಯೆಗೆ ದಿನಾಂಕದ ಸಂಬಂಧ ಇರಬಾರದು, ಕ್ರಮಾಂಕದ ಸಂಬಂಧವೂ ಇರಬಾರದು. ನಾಲ್ಕೂ ಫೋಟೊಗಳ ಇನ್ನೊಂದು ಸೆಟ್ ಬೇರೆ ಕವರಿನಲ್ಲಿ ತೀರ್ಪಿಗಾಗಿ ಇರಲಿ. ಆ ನಾಲ್ಕನ್ನೂ ಒಟ್ಟಿಗೇ ಪ್ರಿಂಟ್ ಹಾಕಿಸಿ. ಒಂದು ಮಾತ್ರ ಮಡಚಿದ್ದು, ಮಾಸಿದ್ದು ಆಗಿದ್ದರೆ ಅದೇ ಸುಳಿವು.

ಸೆಷನ್ ಮಾಡುವಾಗ ಈ ಸಹಾಯಕರು ಕೋಣೆಯಲ್ಲಿ ಇರಬಾರದು. ಸೇನೆಯ ಕೈಪಿಡಿ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಅದರಲ್ಲಿ ಹೊಸಬರ ತರಬೇತಿಗೆ ಟಾರ್ಗೆಟ್ ಗೊತ್ತಿರುವ ಮಾನಿಟರ್, ಅಂದರೆ ಸೆಷನ್ ನಡೆಸಿಕೊಡುವವರು, ಎದುರಿಗೇ ಕೂತು, ಸರಿ, ಬಹುಶಃ ಸರಿ, ಹತ್ತಿರ, ಹೇಳಲಾಗದು ಅಂತ ನಡುನಡುವೆ ಹೇಳುತ್ತಾರೆ. ತಪ್ಪಾದರೆ ಸುಮ್ಮನಿರುತ್ತಾರೆ. ಇದರಿಂದ ಪದ್ಧತಿ ಬೇಗ ರೂಢಿಯಾಗುತ್ತದೆ ಅನ್ನುವುದು ಅವರ ವಾದ. ಆದರೆ ಗೊತ್ತಿರುವವರ ಒಂದು ಉಸಿರು, ಒಂದು ಮೌನ ಸಾಕು, ನೀವು ಅವರ ಮುಖವನ್ನೇ ಓದಲು ಶುರು ಮಾಡುತ್ತೀರಿ. ಹಾಗಾಗಿ ನನ್ನ ಸಲಹೆ ಸ್ಪಷ್ಟ: ಒಬ್ಬರೇ ಮಾಡಿ, ಇಲ್ಲವೇ ಟಾರ್ಗೆಟ್ ಗೊತ್ತಿಲ್ಲದ ಮಾನಿಟರ್ ಜೊತೆ ಮಾಡಿ.

ಹಾಳೆಯ ಮೇಲೆ ಮೊದಲ ನಿಮಿಷ

ಗೆರೆ ಇಲ್ಲದ ಬಿಳಿ ಹಾಳೆಗಳು, ಒಂದು ಕಪ್ಪು ಪೆನ್ನು. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಹೊಟ್ಟೆ ಖಾಲಿ ಇರಬಾರದು, ಊಟ ಜಾಸ್ತಿಯೂ ಆಗಿರಬಾರದು. ಹೊಸಬರಿಗೆ 15ರಿಂದ 20 ನಿಮಿಷ ಧಾರಾಳ.

ಹಾಳೆಯ ಬಲ ಮೂಲೆಯಲ್ಲಿ ಹೆಸರು, ದಿನಾಂಕ, ವೇಳೆ, ಜಾಗ ಬರೆಯಿರಿ. ಅದರ ಕೆಳಗೆ ಆ ಹೊತ್ತಿನ ನಿಮ್ಮ ಸ್ಥಿತಿ: ತಲೆನೋವು, ನಿದ್ದೆಗೆಟ್ಟದ್ದು, ನಾಳೆಯ ಪರೀಕ್ಷೆಯ ಚಿಂತೆ, ಪಕ್ಕದ ಮನೆಯ ಡ್ರಿಲ್ಲಿಂಗ್ ಸದ್ದು. ಇವನ್ನು ಬರೆದು ಪಕ್ಕಕ್ಕಿಡುವುದು ಪದ್ಧತಿಯ ಭಾಗ. ಬರೆಯದಿದ್ದರೆ ಆ ಡ್ರಿಲ್ಲಿಂಗ್ ಸದ್ದೇ ಆಮೇಲೆ "ಯಂತ್ರದ ಶಬ್ದ" ಅಂತ ಹಾಳೆಗೆ ಇಳಿಯುತ್ತದೆ. ಕೂರುವ ಮುಂಚೆಯೇ ತಲೆಯಲ್ಲಿ ಏನಾದರೂ ಚಿತ್ರ ಸುಳಿದಾಡುತ್ತಿದ್ದರೆ ಅದನ್ನೂ ಬರೆದುಬಿಡಿ.

ಈಗ ಮೊದಲ ಹಂತ. ಎಡಗಡೆ ಲಕೋಟೆಯ ಸಂಖ್ಯೆಯನ್ನು ಬರೆಯಿರಿ. ಕೊನೆಯ ಅಂಕಿ ಮುಗಿದ ಕೂಡಲೇ, ಯೋಚಿಸದೆ, ಪೆನ್ನು ಹೋದ ಕಡೆ ಹೋಗಲಿ. ಒಂದು ಸಣ್ಣ ಗೆರೆ ಮೂಡುತ್ತದೆ. ಅದಕ್ಕೆ ಐಡಿಯೋಗ್ರಾಂ ಅಂತಾರೆ. ಅದು ಚಿತ್ರ ಆಗಬೇಕಿಲ್ಲ. ಬೆಟ್ಟ ಬರೆಯೋಣ, ಮನೆ ಬರೆಯೋಣ ಅಂತ ಬರೆದರೆ ಕೆಟ್ಟಿತು. ಒಂದು ಸೆಕೆಂಡ್ ತಡವಾದರೂ ಬುದ್ಧಿ ನಡುವೆ ಬಂದು ಕೂರುತ್ತದೆ. ತಡವಾಯಿತು ಅನ್ನಿಸಿದರೆ ಸಂಖ್ಯೆಯನ್ನು ಮತ್ತೆ ಬರೆದು ಮತ್ತೆ ಗೆರೆ ಬಿಡಿ.

ಗೆರೆಯ ಪಕ್ಕದಲ್ಲಿ "ಎ" ಅಂತ ಹಾಕಿ ಎರಡು ವಿಷಯ ಬರೆಯಬೇಕು. ಒಂದು, ಗೆರೆ ಹೇಗೆ ಹೋಯಿತು: ಅಡ್ಡ, ಮೇಲಕ್ಕೆ, ಬಾಗಿ, ಕೆಳಕ್ಕೆ. ಎರಡು, ಅದು ಹೇಗನ್ನಿಸಿತು: ಗಟ್ಟಿಯೋ, ದ್ರವವೋ, ಗಾಳಿಯಂತೆಯೋ, ಶಕ್ತಿ ತುಂಬಿದಂತೆಯೋ, ಬಿಸಿಯೋ ತಣ್ಣಗೋ. ಆಮೇಲೆ "ಬಿ" ಅಂತ ಹಾಕಿ, ಇವೆರಡನ್ನೂ ಸೇರಿಸಿದಾಗ ತಟ್ಟನೆ ಬಂದ ಒಂದೇ ಒಂದು ಪದ: ನೆಲ, ನೀರು, ಬೆಟ್ಟ, ಕಟ್ಟಡ, ಜೀವ. ಇಷ್ಟೇ ದೊಡ್ಡ ಪದಗಳು ಸಾಕು. "ದೇವಸ್ಥಾನ", "ಅಣೆಕಟ್ಟು" ಅಂತ ಬಂದರೆ ಅದು ಬಿ ಆಗುವುದಿಲ್ಲ. ಅದು ಬೇರೆಯದೇ ವಸ್ತು, ಅದಕ್ಕೆ ಈಗ ಬರುತ್ತೇನೆ.

ಹೆಸರು ಬಂದಾಗ ಏನು ಮಾಡಬೇಕು

ಸಿಆರ್‌ವಿಯಲ್ಲಿ ಜಾಸ್ತಿ ಹೊತ್ತು ಕೊಡಬೇಕಾದ ಭಾಗ ಇದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದೂ ಇದೇ.

ಗುಂಡಗಿದೆ, ಎತ್ತರವಿದೆ ಅಂತ ಅನ್ನಿಸಿದ ಕೂಡಲೇ ಮನಸ್ಸು "ನೀರಿನ ಟ್ಯಾಂಕ್" ಅಂದುಬಿಡುತ್ತದೆ. ಯಾರೂ ಕೇಳಿರಲಿಲ್ಲ. ಎರಡು ಚೂರು ಸಿಕ್ಕರೆ ಇಡೀ ವಸ್ತು ಕಟ್ಟಿ ಅದಕ್ಕೊಂದು ಹೆಸರಿಡುವುದು ಮನಸ್ಸಿನ ದಿನನಿತ್ಯದ ಕೆಲಸ. ಇದನ್ನು ಅನಲಿಟಿಕಲ್ ಓವರ್‌ಲೇ ಅಥವಾ ಎಒಎಲ್ ಅಂತಾರೆ. ಹೆಸರು ಒಮ್ಮೆ ಬಂತೆಂದರೆ ಆಮೇಲೆ ಬರುವುದೆಲ್ಲ ಆ ಹೆಸರಿಗೆ ತಕ್ಕಂತೆಯೇ ಬರುತ್ತದೆ. ಟ್ಯಾಂಕ್ ಅಂದಮೇಲೆ ಸಿಮೆಂಟು, ಏಣಿ, ಪೈಪು, ಜಿನುಗುವ ನೀರು. ಎಲ್ಲವೂ ನಿಮ್ಮ ಊರಿನ ಟ್ಯಾಂಕಿನ ನೆನಪು.

ಇದಕ್ಕೆ ಪದ್ಧತಿ ಹೇಳುವ ಉಪಾಯ ಸರಳ. ಹೆಸರನ್ನು ತಡೆಯಲು ಹೋಗಬೇಡಿ, ತಡೆದಷ್ಟೂ ಗಟ್ಟಿಯಾಗುತ್ತದೆ. ಹಾಳೆಯ ಬಲಗಡೆ "ಎಒಎಲ್ ಬ್ರೇಕ್: ನೀರಿನ ಟ್ಯಾಂಕ್" ಅಂತ ಬರೆಯಿರಿ. ಪೆನ್ನನ್ನು ಮೇಜಿನ ಮೇಲೆ ಕೆಳಗಿಡಿ. ನಿಜವಾಗಿಯೂ ಕೆಳಗಿಡಿ, ಕೈಯಲ್ಲಿ ಹಿಡಿದುಕೊಂಡೇ ಇರಬೇಡಿ. ಕೆಲವು ಕ್ಷಣ ಬಿಟ್ಟು ಮತ್ತೆ ಎತ್ತಿಕೊಳ್ಳಿ. ಕೊನೆಯ ಶುದ್ಧ ಪದಕ್ಕೆ, ಅಂದರೆ "ಗುಂಡಗೆ, ಎತ್ತರ" ಅನ್ನುವಲ್ಲಿಗೆ ಹಿಂದಿರುಗಿ ಮುಂದುವರಿಸಿ. ಸಂಖ್ಯೆಯನ್ನು ಹೊಸದಾಗಿ ಬರೆದರೂ ಆಯಿತು. ಟ್ಯಾಂಕ್ ಸರಿಯೋ ತಪ್ಪೋ ಅಂತ ಆಗ ಯೋಚಿಸುವಂತಿಲ್ಲ. ಸರಿಯೇ ಆಗಿದ್ದರೂ ಅದು ಬಲಗಡೆಯೇ ಇರಬೇಕು.

ಅದೇ ಹೆಸರು ಮೂರು ನಾಲ್ಕು ಸಲ ಬಂದು ಕಾಡಿದರೆ ಅದಕ್ಕೆ ಎಒಎಲ್ ಡ್ರೈವ್ ಅಂತಾರೆ. ಆಗ ಎದ್ದು ನೀರು ಕುಡಿದು, ಸ್ವಲ್ಪ ಓಡಾಡಿ ಬನ್ನಿ. ಬ್ರೇಕ್‌ಗಳಲ್ಲಿ ಇನ್ನೂ ಬಗೆಗಳಿವೆ. ಗೊಂದಲವಾದರೆ ಕನ್ಫ್ಯೂಷನ್ ಬ್ರೇಕ್, ಒಮ್ಮೆಲೇ ತುಂಬ ಬಂದರೆ ಟೂ ಮಚ್ ಬ್ರೇಕ್. ಯಾವುದಾದರೂ ಬರೆಯುವುದು, ಪೆನ್ನು ಇಡುವುದು, ಹಿಂದಿರುಗುವುದು ಎಲ್ಲಕ್ಕೂ ಒಂದೇ.

ಎರಡನೇ ಹಂತ: ಪಂಚೇಂದ್ರಿಯಗಳ ಪದಗಳು

ಇಲ್ಲಿ ಬರೆಯುವುದು ಒಂದೊಂದೇ ಪದ. ಸದ್ದು, ವಾಸನೆ, ರುಚಿ, ಬಿಸಿ ತಂಪು, ಮುಟ್ಟಿದರೆ ಹೇಗೆ, ಬಣ್ಣ, ಬೆಳಕು. ಒಂದರ ಕೆಳಗೊಂದು, ಬೇಗ ಬೇಗ. ವಾಕ್ಯ ಬೇಡ, ಹೋಲಿಕೆಯೂ ಬೇಡ. "ಸಮುದ್ರದ ಹಾಗೆ" ಅಂದರೆ ಅದು ಎಒಎಲ್. "ಉಪ್ಪು, ಒದ್ದೆ, ಮೊರೆತ" ಅಂದರೆ ಎರಡನೇ ಹಂತ.

ಹೊಸಬರು ಸಾಮಾನ್ಯವಾಗಿ ಬಣ್ಣದಲ್ಲೇ ನಿಂತುಬಿಡುತ್ತಾರೆ. ಕಾರಣ, ಉಳಿದ ಇಂದ್ರಿಯಗಳಿಗೆ ಪದ ಬೇಗ ಸಿಗುವುದಿಲ್ಲ. ಇದಕ್ಕೆ ಸೆಷನ್‌ನ ಹೊರಗೆ ಒಂದು ಅಭ್ಯಾಸ ಇದೆ, ದಯವಿಟ್ಟು ಬಿಡಬೇಡಿ. ಸಂತೆಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿ, ವಸ್ತುಗಳ ಹೆಸರು ಬಳಸದೆ ಅಲ್ಲಿರುವುದನ್ನು ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್ ಪಟ್ಟಿ ನೋಡಿ ಬರೆಯುವವರನ್ನು ಕಂಡಿದ್ದೇನೆ. ತಲೆಯಲ್ಲಿ "ಜಿಡ್ಡು" ಅಂತ ಬಂದದ್ದನ್ನು ಇಂಗ್ಲಿಷಿಗೆ ತಿರುಗಿಸುವಷ್ಟರಲ್ಲಿ ಬುದ್ಧಿಗೆ ಕೆಲಸ ಸಿಕ್ಕಿಬಿಡುತ್ತದೆ. ತರಕಲು, ನುಣುಪು, ಜಿಗುಟು, ಗರಿಗರಿ, ಮೆತ್ತಗೆ, ಘಮ, ಕಮಟು, ಘಾಟು, ಮುಗ್ಗಲು, ಒಗರು, ಜುಮುಜುಮು, ಗುಂಯ್, ದಡದಡ. ಮುಟ್ಟಿದ್ದಕ್ಕೆ, ಮೂಸಿದ್ದಕ್ಕೆ, ಕೇಳಿದ್ದಕ್ಕೆ ನಮ್ಮ ಮಾತಿನಲ್ಲಿ ಪದಗಳಿಗೆ ಬರ ಇಲ್ಲ. ಬಳಸಿ ಬಳಸಿ ನಾಲಿಗೆಯ ತುದಿಗೆ ತಂದುಕೊಳ್ಳಬೇಕು ಅಷ್ಟೇ.

ಪದಗಳು ಬರುತ್ತಾ ಬರುತ್ತಾ ಅಳತೆಯ ಪದಗಳು ತಾವಾಗಿ ಬರತೊಡಗುತ್ತವೆ: ಎತ್ತರ, ಅಗಲ, ಉದ್ದ, ಆಳ, ಟೊಳ್ಳು. ಎರಡನೇ ಹಂತ ಮುಗಿಯುತ್ತಿದೆ ಅನ್ನುವುದಕ್ಕೆ ಅದು ಗುರುತು. ಜೊತೆಗೆ ನಿಮ್ಮದೇ ಒಂದು ಭಾವನೆಯೂ ಏಳಬಹುದು. ಹೆದರಿಕೆ, ಖುಷಿ, ಇಲ್ಲಿಂದ ಹೋಗಿಬಿಡೋಣ ಅನ್ನುವ ಆಸೆ. ಇದಕ್ಕೆ ಈಸ್ಥೆಟಿಕ್ ಇಂಪ್ಯಾಕ್ಟ್ ಅಂತಾರೆ, ಹಾಳೆಯಲ್ಲಿ "ಎಐ" ಅಂತ ಬರೆಯುತ್ತಾರೆ. ಇದನ್ನೂ ಬರೆದು, ಪೆನ್ನು ಇಟ್ಟು, ಅದು ಇಳಿದ ಮೇಲೆ ಮುಂದೆ ಹೋಗಿ.

ಒಂದು ಪುಟವನ್ನು ಹತ್ತಿರದಿಂದ ನೋಡೋಣ

ಹೀಗೊಂದು ಪುಟ ಅಂದುಕೊಳ್ಳಿ. ಎಡಗಡೆ 3817 / 2064. ಪಕ್ಕದಲ್ಲಿ ಗೆರೆ: ಸ್ವಲ್ಪ ದೂರ ಅಡ್ಡ ಸಾಗಿ, ಬಾಗಿ ಮೇಲಕ್ಕೆ ಏರಿ, ಇಳಿದು, ಮತ್ತೆ ಅಡ್ಡ. ಎ: ಅಡ್ಡ, ಬಾಗಿ ಮೇಲಕ್ಕೆ, ಕೆಳಕ್ಕೆ, ಅಡ್ಡ, ಗಟ್ಟಿ. ಬಿ: ಕಟ್ಟಡ. ಕೆಳಗೆ ಎರಡನೇ ಹಂತ: ಬೂದು, ಮಣ್ಣಿನ ಬಣ್ಣ, ಒರಟು, ತಂಪು, ಮುಗ್ಗಲು ವಾಸನೆ, ಮಾರ್ದನಿ. ಬಲಗಡೆ: ಎಒಎಲ್ ಬ್ರೇಕ್, ತಾರಾಲಯ. ಮತ್ತೆ ಎಡಕ್ಕೆ: ಟೊಳ್ಳು, ಅಗಲ, ತುಂಬ ಎತ್ತರ. ಎಐ: ಕತ್ತೆತ್ತಿ ನೋಡಬೇಕು ಅನ್ನಿಸುತ್ತಿದೆ. ಲಕೋಟೆ ತೆರೆದರೆ ವಿಜಯಪುರದ ಗೋಲಗುಂಬಜ.

ಮೈ ಜುಮ್ಮೆನ್ನುತ್ತದೆ ಅಲ್ವಾ? ಈ ಹೊತ್ತಿನಲ್ಲೇ ಪೆನ್ನು ಹಿಡಿದು ಒಂದೊಂದೇ ಪದವನ್ನು ತೂಗಿ ನೋಡಬೇಕು. ಗಟ್ಟಿ, ಕಟ್ಟಡ, ಒರಟು, ಬೂದು, ಎತ್ತರ: ಇವು ಚಿತ್ರದುರ್ಗದ ಕೋಟೆಗೂ ಹೊಂದುತ್ತವೆ, ಜಗತ್ತಿನ ಅರ್ಧ ಕಟ್ಟಡಗಳಿಗೂ ಹೊಂದುತ್ತವೆ. ಇವುಗಳ ತೂಕ ಕಡಿಮೆ. ಬಾಗಿ ಮೇಲಕ್ಕೆ ಏರಿದ ಗೆರೆ, ಟೊಳ್ಳು, ಮಾರ್ದನಿ: ಇವು ಹೊಂದುವ ಜಾಗಗಳು ಕಡಿಮೆ, ಹಾಗಾಗಿ ತೂಕ ಜಾಸ್ತಿ. ಇನ್ನೊಂದು ಪ್ರಶ್ನೆಯೂ ಇದೆ. ಫೋಟೊದಲ್ಲಿ ಕಾಣುವುದು ಗುಮ್ಮಟದ ಹೊರಗಿನ ನೋಟ ಮಾತ್ರ. ಒಳಗೆ ಪಿಸುಗುಟ್ಟುವ ಗ್ಯಾಲರಿ ಇದೆ ಅಂತ ನಮಗೆ ಮೊದಲೇ ಗೊತ್ತಿರುವುದರಿಂದ "ಮಾರ್ದನಿ" ಸರಿ ಅನ್ನುತ್ತಿದ್ದೇವೆ. ಟಾರ್ಗೆಟ್ ಅಂದರೆ ಫೋಟೊವೋ ಅಥವಾ ಜಾಗವೋ ಅನ್ನುವುದನ್ನು ಸೆಷನ್‌ಗಿಂತ ಮುಂಚೆ ತೀರ್ಮಾನಿಸಿ ಬರೆದಿಟ್ಟಿರಬೇಕು. ಆಮೇಲೆ ಅನುಕೂಲಕ್ಕೆ ತಕ್ಕಂತೆ ಬದಲಾಯಿಸುವ ಹಾಗಿಲ್ಲ.

ಇಂಥ ಪುಟ ಅಪರೂಪ. ಬಹುತೇಕ ಪುಟಗಳಲ್ಲಿ ಒಂದೆರಡು ಪದ ಹೊಂದುತ್ತವೆ, ಉಳಿದವು ಎಲ್ಲಿಂದ ಬಂದವು ಅಂತಲೇ ತಿಳಿಯುವುದಿಲ್ಲ. ಯಾವುದೂ ಹೊಂದದ ಪುಟಗಳೂ ಸಾಕಷ್ಟು ಇರುತ್ತವೆ. ಅವನ್ನೂ ಅದೇ ಫೈಲಿನಲ್ಲಿ ಅದೇ ಗೌರವದಿಂದ ಇಡಬೇಕು. ಒಂದನ್ನೂ ಹರಿದು ಹಾಕಬಾರದು.

ಮೂರನೇ ಹಂತ ಮತ್ತು ಮುಂದಿನವು

ಅಳತೆಯ ಪದಗಳು ಬಂದಮೇಲೆ ಚಿತ್ರ. ಚಿತ್ರ ಬರೆಯಲು ಬರುವುದಿಲ್ಲ ಅಂತ ಹಿಂಜರಿಯಬೇಡಿ. ಯಾವುದು ಎತ್ತರ, ಯಾವುದು ಅಗಲ, ಯಾವುದರ ಪಕ್ಕ ಯಾವುದು ಅಂತ ತೋರಿಸುವ ನಾಲ್ಕಾರು ಗೆರೆ ಸಾಕು. ಚೆಂದ ಮಾಡಲು ಹೋದರೆ ಮನಸ್ಸು ಚಿತ್ರವನ್ನು ಪೂರ್ತಿ ಮಾಡಿಬಿಡುತ್ತದೆ. ಒಂದು ಕಮಾನು ಬರೆದವರು ಅದಕ್ಕೆ ಬಾಗಿಲು, ಮೆಟ್ಟಿಲು, ಮೇಲೊಂದು ಬಾವುಟ ಸೇರಿಸುತ್ತಾರೆ. ಬಾಗಿಲು ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ನಾಲ್ಕನೇ ಹಂತದಲ್ಲಿ ಹಾಳೆಯನ್ನು ಎಂಟು ಕಾಲಂ ಮಾಡಿಕೊಂಡು ಇಂದ್ರಿಯದ ಪದ, ಅಳತೆ, ನಿಮ್ಮ ಭಾವನೆ, ಆ ಜಾಗದಲ್ಲಿರುವವರ ಭಾವನೆ, ಮುಟ್ಟಬಹುದಾದದ್ದು, ಮುಟ್ಟಲಾಗದ್ದು, ಎಒಎಲ್‌ನ ಎರಡು ಬಗೆ ಅಂತ ಹಂಚುತ್ತಾರೆ. ಐದನೆಯದು ಒಂದೊಂದು ಪದವನ್ನು ಬಿಡಿಸಿ ಕೆದಕುವುದು. ಆರನೆಯದರಲ್ಲಿ ಜೇಡಿಮಣ್ಣಿನಲ್ಲಿ ಜಾಗದ ಮಾದರಿ ಮಾಡುತ್ತಾರೆ. ಮೊದಲ 20 ಲಕೋಟೆ ಮುಗಿಯುವವರೆಗೆ ಇವುಗಳ ಸುದ್ದಿಗೆ ಹೋಗಬೇಡಿ. ಮೊದಲ ಮೂರು ಹಂತಗಳಲ್ಲಿ ಹೆಸರಿನ ಕಾಟವನ್ನು ಗುರುತಿಸಲು ಬಾರದವರು ನಾಲ್ಕನೆಯದಕ್ಕೆ ಹೋದರೆ ಕಥೆ ಕಟ್ಟುವುದು ಮಾತ್ರ ಜಾಸ್ತಿಯಾಗುತ್ತದೆ. ಕೈಪಿಡಿ 1990ರ ದಶಕದ ಕೊನೆಯಿಂದಲೂ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತಿದೆ. ಸಿಐಎ ಬಿಡುಗಡೆ ಮಾಡಿದ ಸ್ಟಾರ್ ಗೇಟ್ ಕಡತಗಳೂ 2017ರಿಂದ ಅವರ ಜಾಲತಾಣದಲ್ಲೇ ಇವೆ. ದುಬಾರಿ ಕೋರ್ಸಿಗೆ ಹಣ ಕಟ್ಟುವ ಮುಂಚೆ ಇವೆರಡನ್ನೂ ಓದಿ. ನಿಜವಾದ ಸೆಷನ್‌ಗಳಲ್ಲಿ ಎಷ್ಟು ಕಸ ಇರುತ್ತದೆ ಅಂತ ಆ ಕಡತಗಳು ಚೆನ್ನಾಗಿ ತೋರಿಸುತ್ತವೆ.

ತೀರ್ಪು ಬೇರೆಯವರ ಕೈಯಲ್ಲಿರಲಿ

ಸೆಷನ್ ಮುಗಿದ ಮೇಲೆ ಎರಡು ಮೂರು ಸಾಲಿನ ಸಾರಾಂಶ ಬರೆದು "ಮುಗಿಯಿತು" ಅಂತ ವೇಳೆ ಹಾಕಿ. ಅದಾದ ಮೇಲೆ ಒಂದಕ್ಷರವನ್ನೂ ಸೇರಿಸಬಾರದು. ಲಕೋಟೆಯನ್ನು ಆಗಲೇ ತೆರೆಯಬೇಡಿ.

ಹಾಳೆಗಳ ಜೆರಾಕ್ಸ್ ಪ್ರತಿಯನ್ನು ಮತ್ತು ನಾಲ್ಕು ಫೋಟೊಗಳ ಕವರನ್ನು ಮೂರನೆಯ ಒಬ್ಬರಿಗೆ ಕೊಡಿಸಿ. ಯಾವುದು ಟಾರ್ಗೆಟ್ ಅಂತ ಅವರಿಗೂ ಗೊತ್ತಿರಬಾರದು. ಅವರು ಹಾಳೆ ಓದಿ, ಹೆಚ್ಚು ಹೊಂದುವ ಫೋಟೊಗೆ 1, ಆಮೇಲಿನದಕ್ಕೆ 2 ಅಂತ 4ರವರೆಗೆ ಅಂಕ ಬರೆದು ಸಹಿ ಹಾಕಲಿ. ಆಮೇಲೆ ಲಕೋಟೆ ತೆರೆಯಿರಿ. ನಾಲ್ಕರಲ್ಲಿ ಒಂದು ಅಂದಮೇಲೆ ಸುಮ್ನೆ ಕಣ್ಣು ಮುಚ್ಚಿ ಆರಿಸಿದರೂ 20ರಲ್ಲಿ ಸುಮಾರು 5 ಸಲ ಸರಿಯಾಗುತ್ತದೆ. ಬರೀ ಅದೃಷ್ಟದಿಂದ 8 ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ 10ರಷ್ಟಿದೆ. 9 ಅಥವಾ ಹೆಚ್ಚಾಗುವ ಸಾಧ್ಯತೆ ನೂರಕ್ಕೆ 4. ಆದ್ದರಿಂದ 7 ಸರಿಯಾದರೆ ಊರಿಗೆಲ್ಲ ಹೇಳುವಂಥದ್ದು ಏನೂ ಆಗಿಲ್ಲ. 9 ಆದರೆ ಇನ್ನೊಂದು 20 ಲಕೋಟೆ ಮಾಡಿಸಿ ನೋಡುವುದಕ್ಕೆ ಒಳ್ಳೆಯ ಕಾರಣ ಸಿಕ್ಕಿತು. 20 ಅಂತ ಮೊದಲೇ ತೀರ್ಮಾನಿಸಿದ್ದರೆ 20ಕ್ಕೇ ಲೆಕ್ಕ ಮಾಡಬೇಕು. ಚೆನ್ನಾಗಿ ಬಂದಾಗ 12ಕ್ಕೆ ನಿಲ್ಲಿಸುವುದು, ಬಾರದಿದ್ದರೆ 30ಕ್ಕೆ ಎಳೆಯುವುದು ಮಾಡಿದರೆ ಈ ಅಂಕಿಗಳಿಗೆ ಅರ್ಥವೇ ಉಳಿಯುವುದಿಲ್ಲ.

ಹಾಳೆಯ ಪ್ರತಿ ಕೊಡುವಾಗ ಸಹಾಯಕರು ದಿನಾಂಕವನ್ನು ಮುಚ್ಚಿ ಜೆರಾಕ್ಸ್ ಮಾಡಲಿ. ಇದು ಅತಿಯಾಯಿತು ಅನ್ನಿಸಬಹುದು. ಕಾರಣ ಕೇಳಿ. ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಮಾರ್ಕ್ಸ್ ಮತ್ತು ರಿಚರ್ಡ್ ಕಮ್ಮನ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಸ್ಟ್ಯಾನ್‌ಫರ್ಡ್ ಸಂಸ್ಥೆಯ ಪ್ರಯೋಗವನ್ನು ತಾವೂ ಮಾಡಿದರು. ಫಲಿತಾಂಶ ಬರಲಿಲ್ಲ. ಮೂಲ ಪ್ರಯೋಗದ ಕೆಲವು ಬರಹಗಳನ್ನು ತರಿಸಿ ಓದಿದರೆ, ಹಿಂದಿನ ದಿನದ ಟಾರ್ಗೆಟ್‌ಗಳ ಪ್ರಸ್ತಾಪದಂಥ ಸುಳಿವುಗಳು ಅದರಲ್ಲೇ ಉಳಿದಿದ್ದವು. ಜಾಗಗಳ ಪಟ್ಟಿ ಕ್ರಮವಾಗಿ ಇದ್ದರೆ ಯಾವ ಬರಹ ಯಾವ ಜಾಗದ್ದು ಅಂತ ಆ ಸುಳಿವುಗಳಿಂದಲೇ ಜೋಡಿಸಬಹುದಿತ್ತು. 1978ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಬಂತು. ಸುಳಿವು ತೆಗೆದು ಮತ್ತೆ ತೀರ್ಪು ಮಾಡಿಸಿದರೂ ಫಲಿತಾಂಶ ಉಳಿಯಿತು ಅಂತ ಇನ್ನೊಂದು ಕಡೆಯವರು 1980ರಲ್ಲಿ ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ವಾದದಲ್ಲಿ ಯಾರು ಗೆದ್ದರು ಅನ್ನುವುದಕ್ಕಿಂತ ನಮಗೆ ಬೇಕಾದ್ದು ಇಷ್ಟು: ಹಾಳೆಯಲ್ಲಿ ಹಿಂದಿನ ಸೆಷನ್‌ನ ಮಾತು ಎತ್ತಬಾರದು, ದಿನಾಂಕ ತೀರ್ಪುಗಾರರಿಗೆ ಕಾಣಬಾರದು.

ಅದೇ ದಶಕದಲ್ಲಿ, 1976ರಲ್ಲಿ, ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದ್ದರು. ಇಂಥ ವಿಷಯ ಕಲಿಯುವ ನಮ್ಮವರು ಆ ಪರಂಪರೆಯನ್ನು ಎದುರಾಳಿ ಅಂತ ನೋಡಬೇಕಿಲ್ಲ. ಮುಚ್ಚಿದ ಲಕೋಟೆ, ಸಹಿ ಹಾಕಿದ ತೀರ್ಪು, ಇವೆಲ್ಲ ಅದೇ ಮನೋಭಾವದ ಕೆಲಸಗಳು.

ಎಲ್ಲಿಗೆ ಹೋಗಬಾರದು

ಕಲಿಯಲು ಶುರು ಮಾಡಿದ ಕೂಡಲೇ ಯಾರಾದರೂ ಬಂದು, ಮನೆಯ ಒಡವೆ ಕಳೆದಿದೆ ನೋಡಿ ಅನ್ನುತ್ತಾರೆ. ಅದಕ್ಕಿಂತ ಕಷ್ಟದ್ದು, ಮಗ ಮನೆ ಬಿಟ್ಟು ಹೋಗಿದ್ದಾನೆ, ಎಲ್ಲಿದ್ದಾನೆ ನೋಡಿ ಅನ್ನುವುದು. ಬೇಡ. ಖಂಡಿತ ಬೇಡ. ನಿಮ್ಮ ಹಾಳೆಯ ಮೇಲಿನ "ನೀರು, ತಣ್ಣಗೆ, ಕತ್ತಲೆ" ಅನ್ನುವ ಮೂರು ಪದ ಒಬ್ಬ ತಾಯಿಯ ಮೇಲೆ ಏನು ಮಾಡಬಹುದು ಯೋಚಿಸಿ. ಪೊಲೀಸ್ ದೂರು ಕೊಡಿಸಿ, ಹುಡುಕಲು ಜೊತೆಗೆ ಓಡಾಡಿ, ಅದು ನಿಜವಾದ ಸಹಾಯ. ಕಾಯಿಲೆ ಏನೆಂದು ನೋಡುವುದು, ಷೇರಿನ ಬೆಲೆ ಹೇಳುವುದು, ಯಾರದೋ ಖಾಸಗಿ ಬದುಕನ್ನು ಇಣುಕಲು ಹೊರಡುವುದು, ಇವೂ ಬೇಡ.

ನಿದ್ದೆ ಕೆಡುತ್ತಿದ್ದರೆ, ಸೆಷನ್‌ನ ಹೊರಗೂ ಏನೇನೋ ಸೂಚನೆಗಳು ಬರುತ್ತಿವೆ ಅನ್ನಿಸತೊಡಗಿದರೆ, ಯಾರೋ ನನ್ನನ್ನೂ ಹೀಗೆ ನೋಡುತ್ತಿದ್ದಾರೆ ಅನ್ನುವ ಭಯ ಶುರುವಾದರೆ, ಕೂಡಲೇ ನಿಲ್ಲಿಸಿ ಒಬ್ಬ ಮನೋವೈದ್ಯರನ್ನು ಕಾಣಿ. ಹಿಂದೆ ಇಂಥ ತೊಂದರೆ ಇದ್ದವರು ಈ ಅಭ್ಯಾಸಕ್ಕೆ ಇಳಿಯದಿರುವುದೇ ಕ್ಷೇಮ.

ಉಳಿದವರು ವಾರಕ್ಕೆ ಎರಡು ಸೆಷನ್ ಮಾಡಿದರೆ ಸಾಕು. 20 ಲಕೋಟೆಗೆ ಹತ್ತು ವಾರ. ದಿನಕ್ಕೆ ಮೂರು ಮಾಡಿದರೆ ನಿನ್ನೆಯ ಟಾರ್ಗೆಟ್‌ನ ಬಣ್ಣ ಇವತ್ತಿನ ಹಾಳೆಗೆ ಬರುತ್ತದೆ. ಸೆಷನ್ ಇಲ್ಲದ ದಿನಗಳಲ್ಲಿ ಹಳೆಯ ಹಾಳೆಗಳ ಬಲಗಡೆಯನ್ನು ಮಾತ್ರ ಓದಿ. ನಿಮ್ಮ ಎಒಎಲ್‌ಗಳಲ್ಲಿ ಯಾವ ಹೆಸರುಗಳು ಮತ್ತೆ ಮತ್ತೆ ಬಂದಿವೆ ಅಂತ ಒಂದು ಪಟ್ಟಿ ಮಾಡಿ. ಒಬ್ಬರಿಗೆ ಯಾವಾಗಲೂ ಸೇತುವೆ, ಇನ್ನೊಬ್ಬರಿಗೆ ಯಾವಾಗಲೂ ದೇವಸ್ಥಾನ. ಆ ಪಟ್ಟಿಯನ್ನು ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಬೇಡಿ, ಅದೇ ಸೂಚನೆ ಆಗಿಬಿಡುತ್ತದೆ. ಫೈಲಿನ ಕೊನೆಯ ಪುಟದಲ್ಲಿ ಹಾಕಿಡಿ, ಪ್ರತಿ ಐದು ಸೆಷನ್‌ಗೊಮ್ಮೆ ತೆಗೆದು ಹೊಸ ಹೆಸರು ಸೇರಿಸಿ.